ಗೌಡ್ರ ಸ್ಪೀಡು, ಮಗಳ ಕಪಾಟು

ಇಳಕಲ್ಲದಾಗ ನಂದೊಂದು ಸಿಎನ್‌ಸಿ ಮಷಿನ್ ಐತಿ. ಕಂಪ್ಯೂಟರಿನ್ಯಾಗ ಡಿಜೈನ್ ಹಾಕಿ, ಕೊರಿಯೂ ಬಿಟ್ ಸಿಗಿಸಿ, ಸ್ಪೀಡ್ ಕೊಟ್ರ ಹಲಗಿ ಮ್ಯಾಲೆ ಹೂವು, ಬಳ್ಳಿ ತಾನ ಕೊರಿತೈತಿ. ಮನಷ್ಯಾರ ಕೆಲಸ ಕಡಿಮಿ ಆಗತೈತಿ ಅಂತ ಹೇಳಿ ನನಗಿದನ್ನ ಮಾರಿದ್ರು. ಕೆಲಸ ಕಡಿಮಿ ಆತು, ಖರೆ. ಮನಷ್ಯಾರು ಕಡಿಮಿ ಆಗಲಿಲ್ಲ. ಮಷಿನ್ ಸಪ್ಪಳ ಕೇಳಿದ್ರ ಸಾಕು, ಬಸ್ಸಿಗೆ ಹೊಂಟವ್ರೂ ಒಳಗ ಬಂದು, ಕೈ ಕಟ್ಟಿ ನಿಂತು, ನನಗ ಬುದ್ಧಿ ಹೇಳಿ ಹೋಗತಾರ. ಬದಾಮಿಯವ್ರೊಬ್ಬರು ಗುಹಾದಾಗಿನ ಕಂಬದ ಫೋಟೋ ತೋರಿಸಿ, ಟಿವಿ ಇಡೋ ಸ್ಟ್ಯಾಂಡಿಗೆ ಇದನ್ನ ಹಾಕಿಕೊಡು ಅಂದ್ರು. ಇಂಥಾವೆಲ್ಲಾ ತಡಕೊಂಡೇನಿ. ಆದ್ರ ಶಿರೂರಿನ ಗೌಡ್ರು ಬಂದ ಮ್ಯಾಲೆ ಉಳದವ್ರೆಲ್ಲಾ ದೇವರಂಗ ಕಾಣಾಕ ಹತ್ಯಾರ.

ಗೌಡ್ರ ಮಗಳ ಲಗ್ನ ಹತ್ರ ಬಂದಿತ್ತು. ಮಗಳ ಜೋಡಿ ಕಳಸಾಕ ಒಂದು ಕಪಾಟು. ಅವ್ವನ ಲಗ್ನದ ಇಳಕಲ್ಲ ಸೀರಿ ಸೆರಗಿನ್ಯಾಗ ಚೂಪ ಚೂಪ ತೆನಿ ಇದ್ದುವಲ್ಲ, ಅವ ತೆನಿ ಕಪಾಟಿನ ಬಾಗಲಾದ ಮ್ಯಾಲೂ ಬೇಕು ಅಂತ ಆ ಹುಡಿಗಿ ಕೈಲೆ ಬರದು ಕಳಿಸಿದ್ಲು. ಎರಡೂ ಬಾಗಲಾ ಒಂದ ಹಲಗಿಯೊಳಗ ಬರತಿದ್ದುವು. ಕಪಾಟಿಗೆ ಹೊಂದೂ ಬಣ್ಣದ ಹಲಗಿ ಬಾಗಲಕೋಟಿ ಅಂಗಡ್ಯಾಗ ಮೂರ ಉಳದಿದ್ದುವು. ಇರಲಿ ಅಂತ ಗೌಡ್ರು ಮೂರೂ ತಂದಿದ್ರು. ಅದೊಂದು ಶಾಣ್ಯಾತನ ಮಾಡಿದ್ರು ನೋಡ್ರಿ.

ಜೋರ ತಿರಗಲಿ

ಮದಲನೇ ದಿನಾನ ಗೌಡ್ರು ಮಷಿನ್ ಮಗ್ಗಲಕ್ಕ ಕುರ್ಚಿ ಹಾಕ್ಕೊಂಡು ಕುಂತ್ರು.

"ಏ ತಮ್ಮಾ, ಸ್ಪೀಡ್ ಎಷ್ಟ ಇಟ್ಟೀ? ಪೂರಾ ಬಿಡೋ, ಅಂಜಬ್ಯಾಡ."

"ಗೌಡ್ರ, ಬಿಟ್ ತಿರಗೋದು ಬ್ಯಾರೆ, ಮುಂದ ಸರಿಯೋದು ಬ್ಯಾರೆ. ಎರಡೂ ಒಂದಕ್ಕೊಂದು ಹೊಂದಬೇಕ್ರಿ."

"ಹಂಗಾದ್ರ ತಿರಗೋದು ಜೋರ ಇಡು, ಸರಿಯೋದು ಸಾವಕಾಶ ಇಡು. ಮಗಳ ಕಪಾಟು, ಅವಸರ ಬ್ಯಾಡ."

ಹಂಗ ಮಾಡಿದ್ರ ಬಿಟ್ ಕೊರಿಯೂದು ಬಿಟ್ಟು ನಿಂತಲ್ಲೇ ತಿಕ್ಕತೈತಿ, ಹಲಗಿ ಸುಡತೈತಿ ಅಂತ ಹೇಳಿದೆ. ಬಿಡಿಸಿ ಹೇಳಿದೆ. ಕೈ ಮಾಡಿ ತೋರಿಸಿ ಹೇಳಿದೆ. "ನಾ ಅದೀನಿ, ಇಡು" ಅಂದ್ರು. ಹೇಳಿ ಹೇಳಿ ಸಾಕಾತು, ಇಟ್ಟೆ.

ತುಸು ಹೊತ್ತಿನ್ಯಾಗ ಹೊಗಿ ಎದ್ದಿತು. ತೆನಿ ಗೆರಿ ಎಲ್ಲಾ ಕರ್ರಗ. ಗೌಡ್ರು ಮೂಗು ಏರಿಸಿ ವಾಸನಿ ತಗೊಂಡು, "ಏನದು?" ಅಂದ್ರು.

"ನಿಮ್ಮ ಹಲಗೀರಿ. ಸುಟ್ಟೈತಿ."

"ಅಲ್ಲೋ ತಮ್ಮಾ, ಹಿಂಗ ಆಗತೈತಿ ಅಂತ ಮದ್ಲ ಒಂದ ಮಾತು ಹೇಳಬಾರದೇನು?"

ದಪ್ಪ ಬಿಟ್

ಎರಡನೇ ಹಲಗಿಗೆ ಚೂಪ ತುದಿ ಬಿಟ್ ಸಿಗಸಾಕ ಹತ್ತಿದ್ದೆ. ತೆನಿಯ ಮೂಲಿ ಚೂಪ ಬರಬೇಕಂದ್ರ ಅದ ಬೇಕು. ಗೌಡ್ರು ಡಬ್ಬಿಯೊಳಗ ಕೈ ಹಾಕಿ, ಎಲ್ಲಾದಕ್ಕಿಂತ ದಪ್ಪಂದು ಆರಿಸಿ ತಗದ್ರು.

"ಆ ಸೂಜಿ ಹಚ್ಚಿದ್ರ ಮಗಳ ಲಗ್ನ ಮುಗದು ಮಮ್ಮಗನ್ನ ತೊಟ್ಟಲಕ್ಕ ಹಾಕೂ ಹೊತ್ತಿಗೆ ಬಾಗಲಾ ಸಿಗತೈತಿ. ಇದನ್ನ ಹಚ್ಚು, ಗಡಾನ ಮುಗೀತೈತಿ."

"ಈ ದುಂಡ ತುದಿ ಮೂಲ್ಯಾಗ ಹೋಗೂದಿಲ್ರಿ, ಗೌಡ್ರ."

"ಹೋಗತೈತಿ. ತುಸು ಒತ್ತು."

ಇದೇನು ಹಿಟ್ಟಿನ ಗಿರಣಿ ಏನ್ರಿ, ಒತ್ತಾಕ? ನಾ ಒಲ್ಲೆ ಅಂದೆ. ಅವ್ರು ಬಿಡಲಿಲ್ಲ. ಮುಂಜಾನಿಯಿಂದ ಮಧ್ಯಾಹ್ನದ ಮಟಾ ಅದ ಮಾತು, ಅದ ಮಾತು. ಕಡೀಕ ಕೈ ಮುಗದು ಹಚ್ಚಿದೆ. ಚೂಪ ತೆನಿ ಒಂದೂ ಬರಲಿಲ್ಲ, ಎಲ್ಲಾ ದುಂಡಗಾದುವು. ಗೌಡ್ರು ಹೆಮ್ಮಿಲೆ ಫೋಟೋ ಹೊಡದು ಮಗಳಿಗೆ ಕಳಿಸಿದ್ರು. ಫೋನ್ ಬಂತು, ಗೌಡ್ರು ಸ್ಪೀಕರ್ ಹಚ್ಚಿದ್ರು.

"ಅಪ್ಪಾ, ಕಪಾಟಿನ ಮ್ಯಾಲೆ ಕಡಬು ಯಾಕ ಮಾಡಿಸೀ?"

"ಕಡಬು ಅಂದ್ರ ಶುಭ ಬಿಡವಾ."

"ನನಗ ಅವ್ವನ ಸೆರಗು ಬೇಕಪ್ಪಾ. ಗಂಡನ ಊರಾಗ ಅದನ್ನ ನೋಡಕೋತ ಇರತೇನಿ ಅಂದಿದ್ದೆ." ಹುಡಿಗಿ ದನಿ ನಡಗಿತು. ಫೋನ್ ಇಟ್ಲು.

ಗೌಡ್ರು ಫೋನ್ ಕಿಸೆದಾಗ ಇಟಗೊಂಡ್ರು. ಆಮ್ಯಾಲೆ ನನ್ನ ಕಡೆ ತಿರುಗಿ, ಸಿಟ್ಟಿಲೆ ಅಂದ್ರು: "ತಿಳದಾಂವ ನೀನು. ನನ್ನ ಮಾತು ಯಾಕ ಕೇಳ್ತೀ?"

ಲಿಂಬಿಕಾಯಿ

ಉಳದಿದ್ದು ಒಂದ ಹಲಗಿ. ಇದೂ ಕೆಟ್ಟರ ಬಾಗಲಾ ಇಲ್ಲದ ಕಪಾಟು ಹೋಗಬೇಕು, ಇಲ್ಲಾ ಹುಡಿಗಿ ಕಪಾಟ ಬಿಟ್ಟು ಹೋಗಬೇಕು. "ಗೌಡ್ರ, ನಾಳೆ ನೀವು ಮನ್ಯಾಗ ಇರ್ರಿ, ನಿಮ್ಮ ಕಾಲಿಗೆ ಬೀಳತೇನಿ" ಅಂದೆ. "ಆತಾತು" ಅಂದ್ರು.

ಮುಂಜಾನೆ ನನಗಿಂತ ಮದ್ಲ ಬಂದು ಬಾಗಲದಾಗ ನಿಂತಿದ್ರು. ಜೋಡಿಗೆ ಅವ್ರ ಹೆಂಡ್ತಿ ಗೌಡಸಾನಿಯವರು, ಅದ ಲಗ್ನದ ಸೀರಿ ಉಟಗೊಂಡು.

"ನಾ ಮಾತಾಡಂಗಿಲ್ಲ. ಸುಮ್ನ ನೋಡತೇನಿ. ಅಮಾಸಿ ಐತಿ, ಇಕಿ ಮಷಿನ್ನಿಗೆ ಪೂಜಾ ಮಾಡತಾಳ."

ನಮ್ಮ ಕಡೆ ಅಮಾಸಿಗೆ ಗಾಡಿ, ಗಿರಣಿ, ಮಷಿನ್ ಎಲ್ಲಾಕ್ಕೂ ಪೂಜಾ ಆಗಬೇಕು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ನಾ ಕಂಪ್ಯೂಟರ್ ಮುಂದ ಬಗ್ಗಿ ಸ್ಪೀಡ್ ಹೊಂದಸಾಕ ಹತ್ತಿದೆ. ಗೌಡಸಾನಿ ವಿಭೂತಿ ಹಚ್ಚಿದ್ರು, ಕಾಯಿ ಒಡದ್ರು. ಗೌಡ್ರು ಬಿಟ್ಟಿನ ಹತ್ರ ಮಾರಿ ಒಯ್ದು ಬಗ್ಗಿ ನಿಂತ್ರು.

"ಮಾತಾಡಂಗಿಲ್ಲ ಅಂದೇನಿ, ಆದ್ರ ತಮ್ಮಾ, ಒಂದ ಮಾತು..."

ಆ ಒಂದ ಮಾತು ಕೇಳೂ ತಾಕತ್ತು ನನ್ನ ಕಡೆ ಇರಲಿಲ್ಲ. ತಿರುಗಿ ಸೈತ ನೋಡದ ಗುಂಡಿ ಒತ್ತಿದೆ.

ಗೌಡಸಾನಿಯವರು ದೃಷ್ಟಿ ಆಗಬಾರದಂತ ಲಿಂಬಿಕಾಯಿ, ಹಸಿಮೆಣಸಿನಕಾಯಿ ಕರಿ ದಾರದಾಗ ಪೋಣಿಸಿ ಕಟ್ಟಿದ್ರು. ಎಲ್ಲಿ ಕಟ್ಟಿದ್ರು ಅಂತೀರಿ? ಬರೋಬ್ಬರಿ ಬಿಟ್ ತಿರಗೂ ಜಾಗಾದಾಗ!

ಪಟ್ ಅಂತ ಸಪ್ಪಳಾತು. ಲಿಂಬಿಕಾಯಿ ರಸ ಗೌಡ್ರ ಕಣ್ಣಾಗ, ಮೆಣಸಿನಕಾಯಿ ಬೀಜ ಮೀಸ್ಯಾಗ. "ಅಯ್ಯಯ್ಯೋ ಸತ್ತೆನೋ!" ಅಂತ ಹೊರಗಿನ ನಳಕ್ಕ ಓಡಿದ್ರು. ನಾ ಮಷಿನ್ ನಿಂದರಿಸಿ, ಬಿಟ್ಟಿನ ತುದಿ ಮುಟ್ಟಿ ನೋಡಿದೆ. ನೆಟ್ಟಗ ಇತ್ತು. ಹಲಗಿಗೂ ಏನೂ ಆಗಿರಲಿಲ್ಲ. ಒರಸಿ, ಮತ್ತ ಚಾಲೂ ಮಾಡಿದೆ.

ಅವತ್ತ ಮದಲನೇ ಸಲ ಮಷಿನ್ ಮಗ್ಗಲಕ್ಕ ಯಾರೂ ಮಾತಾಡಲಿಲ್ಲ. ಎಷ್ಟ ಆರಾಮ ಅನಿಸಿತು ಗೊತ್ತೇನ್ರಿ! ನನ್ನ ಸ್ಪೀಡು, ನನ್ನ ಬಿಟ್ಟು. ತೆನಿ ಒಂದೊಂದ ಚೂಪ ಎದ್ದು ಬಂದುವು. ಗೌಡಸಾನಿಯವರು ತಮ್ಮ ಸೆರಗು ಹಲಗಿ ಮಗ್ಗಲಕ್ಕ ಹಿಡದು ನೋಡಿದ್ರು. ಅವ್ರ ಕಣ್ಣು ತುಂಬಿದುವು.

"ಅದ ಸೆರಗು ತಮ್ಮಾ. ಮಗಳು ಅಲ್ಲೆ ಕಣ್ಣೀರ ಹಾಕಂಗಿಲ್ಲ ಇನ್ನ."

"ಆದ್ರ ಅವ್ವಾರ, ಲಿಂಬಿಕಾಯಿ ತಿರಗೂದಕ್ಕ ಕಟ್ಟಬಾರದ್ರಿ" ಅಂದೆ.

ಅವ್ರು ಬಾಗಲದ ಕಡೆ ಒಮ್ಮೆ ನೋಡಿ, ಸಣ್ಣ ದನಿಲೆ ಅಂದ್ರು: "ಯಾವುದು ಹೊರಗ ಹೋಗಬೇಕಿತ್ತೋ ಅದು ಹೋತೋ ಇಲ್ಲೋ?"

ಅಷ್ಟರಾಗ ನಳದ ಕಡಿಂದ ಗೌಡ್ರ ದನಿ ಬಂತು: "ಏ ತಮ್ಮಾ, ಸ್ಪೀಡ್ ಎಷ್ಟ ಇಟ್ಟೀ?"

ಗೌಡಸಾನಿಯವರು ಚೀಲದಾಗ ಕೈ ಹಾಕಿದ್ರು. "ಇನ್ನೊಂದು ಲಿಂಬಿಕಾಯಿ ಐತಿ. ಕಟ್ಟಲೇನು?"