ಪ್ರಭಾರ ಪೈಲ್ವಾನರು

ಕ್ರೀಡಾ ಇಲಾಖೆಯಲ್ಲಿ ಅಕ್ರಮಗಳು ಕ್ರಮಬದ್ಧವಾಗಿಯೇ ನಡೆಯತಕ್ಕದ್ದು ಎಂಬ ನಿಯಮವಿದೆ. ಆದ್ದರಿಂದ ಭಾರ ಎತ್ತುವ ಪೈಲ್ವಾನನಿಗೆಂದು ನಿರ್ದೇಶಕರು ತರಿಸಿದ ನಿಷೇಧಿತ ಸ್ಟೀರಾಯ್ಡ್ ಮಾತ್ರೆಗಳು ಟೆಂಡರಿನ ಮೂಲಕವೇ ಬಂದವು.

ಪೈಲ್ವಾನ ಬೇಡವೆಂದ. “ಬೆವರು ಸುರಿಸಿ ಎತ್ತೀನಿ ಸಾರ್. ಈ ಪಂದ್ಯಕ್ಕೇ ಅಂತ ಮದುವೆನೂ ಮುಂದಕ್ಕೆ ಹಾಕಿದೀನಿ.”

“ನಿನಗೆ ಬೇಡದಿದ್ರೆ ಏನಾಯ್ತಪ್ಪ, ಇಲಾಖೆಗೆ ಬೇಕಲ್ಲ!” ಎಂದರು ನಿರ್ದೇಶಕರು.

ಆದರೆ ಇಲಾಖೆಗೆ ಬರುವ ಯಾವುದೇ ತಿನ್ನುವ ಪದಾರ್ಥವನ್ನು ಜವಾಬ್ದಾರಿಯುತ ಅಧಿಕಾರಿಯೊಬ್ಬರು ಮೊದಲು ತಿಂದು, ಬದುಕಿ, ಷರಾ ಬರೆಯಬೇಕು. ಆ ಹೊಣೆ ಉಗ್ರಾಣದ ಅಧೀಕ್ಷಕರದು. ಫ್ಯಾನು ಜೋರಾದಾಗ ಎಲ್ಲರೂ ಫೈಲು ಹಿಡಿದುಕೊಂಡರೆ, ಇವರು ಮೇಜು ಹಿಡಿದುಕೊಳ್ಳುತ್ತಿದ್ದರು. ಅಷ್ಟು ಸಣಕಲು. ಒಂದು ಮಾತ್ರೆ ನುಂಗಿ, “ಸುರಕ್ಷಿತವೆಂದು ಕಂಡುಬರುತ್ತದೆ” ಎಂದು ಬರೆದರು. “ಬರೀ ಕಂಡುಬಂದರೆ ಸಾಲದು, ಖಚಿತಪಡಿಸಿ” ಎಂದು ಫೈಲು ವಾಪಸಾಯಿತು. ಅವರು ಡಬ್ಬಿಗಟ್ಟಲೆ ಖಚಿತಪಡಿಸುತ್ತಲೇ ಹೋದರು.

ಅಂಗಿಯ ಗುಂಡಿಗಳು ಸಿಡಿದವು. ಒಂದು ಸಂಜೆ ಹೆಂಡತಿ ಕೇಳಿದಳು, “ರೀ, ಬಾಗಿಲು ಯಾಕ್ರೀ ಕೈಲಿದೆ?”

“ಮೆಲ್ಲಗೇ ಎಳೆದೆ ಕಣೇ.”

“ಆಗಿದ್ದು ಆಯ್ತು. ಹಾಗೇ ಆ ಬೀರುನೂ ಸ್ವಲ್ಪ ಈಚೆ ಸರಿಸಿ.”

ಮದುವೆಯಾದಾಗಿನಿಂದ ಹೆಂಡತಿ ತಮಗೊಂದು ಭಾರದ ಕೆಲಸ ಹೇಳಿದ್ದು ಇದೇ ಮೊದಲು. ಅಧೀಕ್ಷಕರ ಕಣ್ಣು ತುಂಬಿ ಬಂತು. ಬೀರುವನ್ನು ಸರಿಸಿ, ಮತ್ತೆ ಮೊದಲಿನ ಜಾಗಕ್ಕೇ ಸರಿಸಿ, ಇನ್ನೊಮ್ಮೆ ಸರಿಸಿದರು.

ಅಷ್ಟರಲ್ಲಿ ಲೆಕ್ಕ ತಪಾಸಣೆಯವರು ಬಂದು ಪೈಲ್ವಾನನ ಮೂತ್ರ ಪರೀಕ್ಷಿಸಿದರು. ಅದು ಶುದ್ಧವಾಗಿತ್ತು. ಅವರು ಮುಖ ಗಂಟಿಕ್ಕಿದರು.

“ಇವನ ಹೆಸರಿಗೆ ತರಿಸಿದ ಮಾಲು ಇವನೊಳಗಿಲ್ಲ. ದುರುಪಯೋಗವಾಗಿದೆ!”

ನಿರ್ದೇಶಕರು ಬೆವತುಹೋದರು. ಕೂಡಲೇ ಆದೇಶ ಹೊರಟಿತು: “ಮಾಲು ಯಾರ ದೇಹದಲ್ಲಿ ದಾಸ್ತಾನಿರುವುದೋ ಅವರನ್ನೇ ಕ್ರೀಡಾಪಟುವೆಂದು ಪರಿಗಣಿಸತಕ್ಕದ್ದು.” ಅಧೀಕ್ಷಕರು ಪ್ರಭಾರ ಪೈಲ್ವಾನರಾದರು, ಪೈಲ್ವಾನ ಪ್ರಭಾರ ಅಧೀಕ್ಷಕನಾದ.

“ನಿನ್ನ ಅನ್ನ ಕಿತ್ಕೊಂಡ ಹಾಗಾಯ್ತಲ್ಲಪ್ಪ,” ಎಂದರು ಅಧೀಕ್ಷಕರು.

“ನೀವೇನು ಮಾಡೋಕಾಗತ್ತೆ ಸಾರ್? ಆರ್ಡರ್ರು,” ಎಂದ ಪೈಲ್ವಾನ, ಉಗ್ರಾಣದ ಬೀಗದಕೈ ಇಸಿದುಕೊಳ್ಳುತ್ತ.

ಪಂದ್ಯದ ದಿನ ಅಧೀಕ್ಷಕರು ಕನ್ನಡಕ ಒರೆಸಿಕೊಂಡು ಕಬ್ಬಿಣದ ಮುಂದೆ ನಿಂತರು. ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ಪ್ರೇಕ್ಷಕರ ನಡುವಿನಿಂದ ಪೈಲ್ವಾನ ಗಂಟಲು ಹರಿಯುವಂತೆ ಕೂಗಿದ: “ಬೆನ್ನು ನೇರ ಇಡಿ ಸಾರ್! ಈಗ ಎತ್ತಿ!” ಎತ್ತಿಬಿಟ್ಟರು. ಚಿನ್ನದ ಪದಕ ಬಂತು. ಮೂತ್ರ ಪರೀಕ್ಷೆಯಲ್ಲಿ ಅವರು ಸಿಕ್ಕಿಬಿದ್ದು, ಸಂಜೆಯೊಳಗೆ ಅದು ಹೋಯಿತು.

ಇಲಾಖೆಯಲ್ಲಿ ಸಂಭ್ರಮವೋ ಸಂಭ್ರಮ. ನಿರ್ದೇಶಕರು ಅಧೀಕ್ಷಕರಿಗೆ ಶಾಲು ಹೊದಿಸಿ ಸಾರಿದರು: “ಒಂದು ಮಾತ್ರೆಯೂ ಪೋಲಾಗಿಲ್ಲವೆಂದು ಅಂತಾರಾಷ್ಟ್ರೀಯ ಪ್ರಯೋಗಾಲಯವೇ ದೃಢಪಡಿಸಿದೆ.” ತಪಾಸಣೆಯವರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಪೈಲ್ವಾನ ಮೆಲ್ಲನೆ ಕೇಳಿದ, “ಇನ್ನಾದ್ರೂ ನಾನು ಎತ್ತಬಹುದಾ ಸಾರ್?”

“ಧಾರಾಳವಾಗಿ,” ಎಂದರು ನಿರ್ದೇಶಕರು. “ಉಗ್ರಾಣದಲ್ಲಿ ಎತ್ತಿಡೋದು ಬೇಕಾದಷ್ಟಿದೆ.”

ಪೈಲ್ವಾನ ಅಂಗಿಯ ತೋಳು ಮಡಚಿ, ಫೈಲು ತುಂಬಿದ ಕಬ್ಬಿಣದ ಕಪಾಟನ್ನು ಒಂದೇ ಉಸಿರಿಗೆ ತಲೆಯ ಮೇಲಕ್ಕೆತ್ತಿ ನಿಂತ. ನಿರ್ದೇಶಕರು ಅದನ್ನು ಎಲ್ಲಿಡಬೇಕೆಂದು ತೀರ್ಮಾನಿಸಲು ಸಮಿತಿ ರಚಿಸಿದರು. ಅಲ್ಲಿಯವರೆಗೆ ಅವನು ಹಾಗೇ ನಿಂತಿರುವುದೆಂದು ಸರ್ವಾನುಮತದಿಂದ ಕೈಯೆತ್ತಿ ಒಪ್ಪಲಾಯಿತು. ಕೈಗೆ ಬಿಡುವಿಲ್ಲದ್ದರಿಂದ ಅವನೂ ತಲೆಯಾಡಿಸಿ ಒಪ್ಪಿದ.