ಅಡೆಮಾರನ ನಾಲ್ಕು ಸಾಲು

ಅಡೆಮಾರನ ಫಜೀತಿ ಶುರುವಾದದ್ದು ನಾಲ್ಕು ಸಾಲಿನಿಂದ. ಮಾಂಟೆವಿಡಿಯೊದ ಲಾ ತೇಹಾ ಕೇರಿಯ ಕಾರ್ನಿವಲ್ ಹಬ್ಬದ ಹಾಡುಮೇಳಕ್ಕೆ ಹಾಡು ಕಟ್ಟುವವನು ಅವನೇ. ಸೈನ್ಯದ ಆಳ್ವಿಕೆಯಲ್ಲಿ ಹಾಡುಗಳೆಲ್ಲ ಮೊದಲು ಕ್ಯಾಪ್ಟನ್ ಸಾಹೇಬರ ಮೇಜಿಗೆ ಹೋಗಬೇಕು. ಊಟದ ಹೊತ್ತಿಗೆ ತಾಯಿಯೊಬ್ಬಳು ಬಾರದ ಮಗನಿಗೂ ತಟ್ಟೆ ಇಡುತ್ತಾಳೆ ಎಂಬ ನಾಲ್ಕು ಸಾಲನ್ನು ಸಾಹೇಬರು ಹೊಡೆದುಹಾಕಿದರು. ತಟ್ಟೆ ಇಡುವವಳು ಅಡೆಮಾರನ ತಾಯಿ ಎತೆಲ್ವಿನಾ, ಬಾರದವನು ಜೈಲಿನಲ್ಲಿದ್ದ ತಮ್ಮ. ಅಮ್ಮ ಅದನ್ನು ವೇದಿಕೆಯಿಂದಲೇ ಕೇಳಲಿ ಎಂಬ ಆಸೆಯಿಂದ ಅವನು ಆ ಸಾಲು ಬರೆದದ್ದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಮೇಳದವರು ಹಟಮಾರಿಗಳು. ಮೊದಲ ಪ್ರದರ್ಶನದಲ್ಲಿ ಆ ಸಾಲುಗಳ ಜಾಗ ಬಂದಾಗ ಹಾಡು ನಿಲ್ಲಿಸಿ ಬಾಯಿ ಮುಚ್ಚಿ ನಿಂತರು. ಡೋಲು ಮಾತ್ರ ಮೆಲ್ಲಗೆ ಬಡಿಯುತ್ತಿತ್ತು. ಜನ ಜೈಲು ಸೇರಿದ ತಮ್ಮ ತಮ್ಮ ಮನೆಯವರನ್ನು ನೆನೆದು ಬಿಕ್ಕಿಬಿಕ್ಕಿ ಅತ್ತರು.

ಮರುದಿನ ಬೆಳಿಗ್ಗೆ ಮಾಂಸದಂಗಡಿಯ ಡಾರ್ವಿನ್ ಅಡೆಮಾರನನ್ನು ತಡೆದು ನಿಲ್ಲಿಸಿದ.

"ನಿನ್ನೆ ಏನು ಬರ್ದಿದ್ದೆ ಮಾರಾಯಾ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ನೀನು ಬರ್ದಿದ್ದೇ ಇಲ್ಲ."

"ಅಲ್ಲಿ ನಾನೇನೂ ಬರ್ದಿರ್ಲಿಲ್ವಲ್ಲ."

"ಅದನ್ನೇ ಹೇಳ್ತಿರೋದು."

ಹೊಗಳಿಕೆಯೋ ಬೈಗುಳವೋ ತಿಳಿಯದೆ ಅವನು ಪೆಚ್ಚಾಗಿ ನಿಂತಿರುವಾಗಲೇ ಸೈನ್ಯದ ಜೀಪು ಬಂದು ಎತ್ತಿಕೊಂಡು ಹೋಗಿ ಕ್ಯಾಪ್ಟನ್ ಮುಂದೆ ನಿಲ್ಲಿಸಿತು.

"ಆ ಖಾಲಿ ಜಾಗದಲ್ಲಿ ಒಬ್ಬೊಬ್ರೂ ಮನಸ್ಸಲ್ಲೇ ಏನೇನು ಹಾಡ್ಕೊಂಡ್ರೋ, ಅದನ್ನ ನಾನು ಹೇಗಯ್ಯಾ ಹೊಡೆದುಹಾಕ್ಲಿ? ಇವತ್ತು ಆ ನಾಲ್ಕು ಸಾಲು ಹಾಡ್ಲೇಬೇಕು. ಇದು ಆಜ್ಞೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. "ಅಪ್ಪಣೆ ಸಾಹೇಬ್ರೇ" ಎಂದು ನಗು ನುಂಗಿಕೊಂಡು ಅಡೆಮಾರ ಮನೆಗೆ ಓಡಿ, ಅಮ್ಮನಿಗೆ ಸಂಜೆ ವೇದಿಕೆ ಎದುರಿನ ಕುರ್ಚಿಯಲ್ಲೇ ಕೂರಬೇಕೆಂದು ತಾಕೀತು ಮಾಡಿದ.

ಸಂಜೆ ಹಾಡಿಗೆ ಮುಂಚೆ ಸೈನಿಕನೊಬ್ಬ ಮೈಕು ಹಿಡಿದು, "ಈ ಹಾಡಿಗೆ ಕ್ಯಾಪ್ಟನ್ ಸಾಹೇಬರು ದಯಪಾಲಿಸಿದ ನಾಲ್ಕು ಸಾಲನ್ನು ಸೇರಿಸಲಾಗಿದೆ" ಎಂದು ಓದಿದ. ಅಡೆಮಾರ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತ ಮೇಳದವರ ಜೊತೆ ಮನಸ್ಸು ಬಿಚ್ಚಿ ಹಾಡಿದ. ಜನ ಕಲ್ಲಿನಂತೆ ಕೂತಿದ್ದರು. ಅಮ್ಮನೊಬ್ಬಳು ಕಣ್ಣೊರೆಸಿಕೊಂಡಳು. ಅವನಿಗೆ ಅಷ್ಟೇ ಸಾಕಾಗಿತ್ತು.

ಕೆಳಗಿಳಿದಾಗ ಡಾರ್ವಿನ್ ಅಡ್ಡ ಬಂದ. "ಸಾಹೇಬ್ರ ಪದ್ಯ ಹಾಡೋಕೆ ನಾಚ್ಕೆ ಆಗಲ್ವಾ ನಿಂಗೆ?"

"ನಾನೇ ಬರ್ದಿದ್ದು ಕಣೋ."

"ಸುಮ್ನಿರು. ನೀನು ಬರ್ದಿದ್ದನ್ನ ನಿನ್ನೆನೇ ಕೇಳಿದ್ದೀವಿ."

ಅಮ್ಮ ಬಂದು ಮಗನ ಕೈ ಹಿಡಿದುಕೊಂಡಳು. "ಇವನನ್ನ ಬೈಬೇಡ ಡಾರ್ವಿನ್. ಆ ಸಾಹೇಬನ ಮನೇಲೂ ನಮ್ಮನೆ ಥರಾನೇ ಯಾರೋ ಬರದೇ ಇರೋರು ಇದ್ದಾರೆ. ಇಲ್ದಿದ್ರೆ ಹಾಗೆ ಬರೆಯೋಕಾಗುತ್ತಾ?"

"ಅಮ್ಮಾ, ಅದು..."

"ಹೊಟ್ಟೆಕಿಚ್ಚು ಪಡ್ಬೇಡ ಮಗಾ. ಬೆಳಿಗ್ಗೆ ಕರಿದ ರೊಟ್ಟಿ ಮಾಡ್ಕೊಡ್ತೀನಿ. ಬಿಸಿ ಇರೋವಾಗ್ಲೇ ಆ ಸಾಹೇಬನಿಗೆ ಕೊಟ್ಟು, ಚೆನ್ನಾಗಿ ಬರ್ದಿದ್ದೀರಿ ಅಂತ ನಾನು ಹೇಳ್ದೆ ಅಂತ ಹೇಳಿ ಬಾ."