ಎರಡೂವರೆ ರೊಟ್ಟಿಯ ಪಾಠ

ತಿಳಿಯದ್ದನ್ನು ತಿಳಿದವರಂತೆ ಹೇಳುವ ಕಲೆ ನಮ್ಮಂಥ ಮಾಸ್ತರರಿಗೆ ಬೇಗ ಕೈಹತ್ತುತ್ತದೆ. ಆದರೆ ಬಾಗಲಕೋಟೆಯ ಕಾಲೇಜಿನಲ್ಲಿ ನಾನಿನ್ನೂ ಕಾಯಂ ಆಗಿರದ ಆ ವರ್ಷ, ಸೋಮವಾರದ ನನ್ನ ಪಾಠ ಕೇಳಲು ಪ್ರಿನ್ಸಿಪಾಲರೇ ಬಂದು ಕೂರುತ್ತಾರೆಂದಾಗ ಆ ಕಲೆ ಕೈಕೊಟ್ಟಿತು. ಪಾಠ ಅವರಿಗೆ ಒಪ್ಪಿಗೆಯಾದರೆ ನೌಕರಿ ಕಾಯಂ, ಇಲ್ಲವಾದರೆ ಮನೆ. ವಿಷಯ, ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿನೊಳಗಿನ ಎ.ಡಿ.ಸಿ. ಹೊರಗಿನ ಬಿಸಿ, ಬೆಳಕು ಎಲ್ಲ ವೋಲ್ಟೇಜಾಗಿ ಒಳಗೆ ಬರುತ್ತವೆ. ಚಿಪ್ಪಿಗೋ ಒಂದು, ಸೊನ್ನೆ ಬಿಟ್ಟರೆ ಬೇರೇನೂ ತಿಳಿಯದು. ಆ ವೋಲ್ಟೇಜನ್ನು ಅಂಕಿ ಮಾಡಿಕೊಡುವುದು ಎ.ಡಿ.ಸಿ.ಯ ಕೆಲಸ. ಹೇಗೆ ಮಾಡುತ್ತದೆಂದು ಪುಸ್ತಕ ಪುಟಗಟ್ಟಲೆ ಹೇಳಿತ್ತು. ನನ್ನ ತಲೆಗೆ ಒಂದು ಸಾಲೂ ಹೋಗಿರಲಿಲ್ಲ.

ಭಾನುವಾರ ಇಳಕಲ್ಲಿನಲ್ಲಿ, ಹೆಂಡತಿಯ ತವರಿನಲ್ಲಿ, ಊಟಕ್ಕೆ ಕೂತಾಗಲೂ ಪುಸ್ತಕ ತೊಡೆಯ ಮೇಲಿತ್ತು. "ಅದನ್ನ ಮುಚ್ಚಿಡ್ರಿ, ಅವ್ವ ಬಡಸಾಕ ಬಂದಾಳ" ಎಂದಳು ಗಿರಿಜಾ. ನನ್ನ ಅತ್ತೆ ಅಳಿಯನ 'ಸಾಕು' ಎಂಬ ಮಾತನ್ನು ನಂಬುವವರಲ್ಲ, ಕೈಯನ್ನು ನಂಬುವವರು. ಮಗ್ಗದಿಂದ ಎದ್ದುಬಂದ ಮಾವ ಉಣ್ಣುವುದು ನಾಲ್ಕು ಜೋಳದ ರೊಟ್ಟಿ. ಗಂಡಸಿನ ಹೊಟ್ಟೆಗೆ ಅವರ ಲೆಕ್ಕದಲ್ಲಿ ಅದೇ ಗಡಿ. ಅದರ ಅರ್ಧ, ಅಂದರೆ ಎರಡು ರೊಟ್ಟಿ, ನನ್ನ ತಾಟಿನ ಮೇಲೆ ಹಿಡಿದರು. ನಾನು ಕೈ ಅಡ್ಡ ತರಲಿಲ್ಲ, ಹಾಕಿದರು. ಇನ್ನೊಂದು ಹಿಡಿದರು. ಕೈ ಅಡ್ಡ ಬಂತು, ಹಿಂದಕ್ಕೆ ತೆಗೆದುಕೊಂಡರು. "ಹಂಗಾರ ಅರ್ಧರ ತಗೋರಿ ಅಳಿಯಾರ." ಕೈ ಸುಮ್ಮನಿತ್ತು; ಅರ್ಧ ಬಿತ್ತು. ಕಾಲು ರೊಟ್ಟಿಗೆ ಕೈ ಮತ್ತೆ ಬಂತು. "ನಿಮ್ಮ ಹಸಿವು ಎರಡೂವರಿ ನೋಡ್ರಿ" ಎಂದು ಬುಟ್ಟಿ ಎತ್ತಿಕೊಂಡು ನಡೆದರು.

ನನ್ನ ತುತ್ತು ಕೈಯಲ್ಲೇ ಉಳಿಯಿತು. ಹಾಕಿದ್ದು ಒಂದು, ತೆಗೆದದ್ದು ಸೊನ್ನೆ. ಒಂದು, ಸೊನ್ನೆ, ಒಂದು, ಸೊನ್ನೆ! ಎ.ಡಿ.ಸಿ.ಯೂ ಮಾಡುವುದು ಇಷ್ಟೇ. ತನ್ನ ಗಡಿ ವೋಲ್ಟೇಜಿನ ಅರ್ಧ ಹಿಡಿದು ನೋಡುತ್ತದೆ. ಒಳಗೆ ಬಂದದ್ದಕ್ಕಿಂತ ಹೆಚ್ಚಾದರೆ ತೆಗೆಯುತ್ತದೆ, ಇಲ್ಲವಾದರೆ ಇಟ್ಟುಕೊಳ್ಳುತ್ತದೆ, ಮುಂದೆ ಅದರ ಅರ್ಧವನ್ನು ಇಟ್ಟುಕೊಂಡದ್ದಕ್ಕೆ ಸೇರಿಸಿ ಹಿಡಿಯುತ್ತದೆ. ಹೀಗೆ ಅತಿ ಸಣ್ಣ ಚೂರಿನವರೆಗೆ.

ಸೋಮವಾರ ಬೋರ್ಡಿನ ಮೇಲೆ ರೊಟ್ಟಿ ಬರೆದೆ. ಹುಡುಗರು ನಕ್ಕರು, ಆಮೇಲೆ ಬರೆದುಕೊಂಡರು. ಪ್ರಿನ್ಸಿಪಾಲರು, "ಇದು ಯಾವ ಪುಸ್ತಕದಾಗ ಐತ್ರಿ?" ಎಂದರು. "ಇಳಕಲ್ಲಾಗ ಐತ್ರಿ ಸರ್" ಎಂದೆ.

ಕಾಯಂ ಆದ ಮೇಲೆ ಅತ್ತೆಯ ಮುಂದೆ ಕೂತು, "ನಿಮ್ಮ ರೊಟ್ಟಿಯಿಂದನ ನನ್ನ ನೌಕರಿ ಉಳೀತ್ರಿ" ಎಂದೆ. ಅವರು ಹೇಗೆಂದು ಕೇಳಲಿಲ್ಲ. "ಹಂಗಾರ ಎರಡೂವರಿ ಉಂಡರ ಹೆಂಗ ನಡೀತೈತ್ರಿ?" ಎಂದು ಗಡಿಯನ್ನು ಎಂಟಕ್ಕೆ ಏರಿಸಿ, ಮೊದಲಿಗೇ ನಾಲ್ಕು ರೊಟ್ಟಿ ಹಿಡಿದರು. ಅಂಥ ಉಪಕಾರ ಮಾಡಿದವರೆದುರು ಕೈ ಅಡ್ಡ ತರುವುದು ಹೇಗೆ? ನಾಲ್ಕೂ ತಾಟಿಗೆ ಬಿದ್ದವು. ಅತ್ತೆ ಬುಟ್ಟಿಯಿಂದ ಇನ್ನೆರಡು ಎತ್ತಿ ಹಿಡಿದರು.